ಪಾಪ ಮಾಡಿದ್ದು ಮನುಷ್ಯ, ಕುರಿ ಯಾಕೆ ಸಾಯಬೇಕು? ಯಾಜಕಕಾಂಡದ ಯಜ್ಞಗಳು ಮತ್ತು ಶಿಲುಬೆ: ಪ್ರಶ್ನೋತ್ತರ

ಪ್ರಶ್ನೆ (ಹಾಸನ ಕಡೆಯ ಸಂಡೇ ಸ್ಕೂಲ್ ಟೀಚರ್):

ಮೇಡಂ, ನಮಸ್ಕಾರ. ನಾನು ನಮ್ಮ ಸಭೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಪಾಠ ಮಾಡುತ್ತೇನೆ. ಕಳೆದ ಭಾನುವಾರ ಹಳೇ ಒಡಂಬಡಿಕೆಯ ಯಜ್ಞಗಳ ಪಾಠ ಇತ್ತು. "ಜನ ಪಾಪ ಮಾಡಿದಾಗ ಕುರಿ ತರುತ್ತಿದ್ದರು. ಅವರಿಗೆ ಆಗಬೇಕಾದ ಶಿಕ್ಷೆ ಕುರಿಗೆ ಆಗುತ್ತಿತ್ತು. ಆಮೇಲೆ ಯೇಸುಸ್ವಾಮಿ ಬಂದು ಆ ಕುರಿಯ ಜಾಗದಲ್ಲಿ ನಿಂತರು" ಅಂತ ಹೇಳಿದೆ. ನನಗೂ ಚಿಕ್ಕಂದಿನಲ್ಲಿ ಹೀಗೇ ಹೇಳಿಕೊಟ್ಟಿದ್ದರು. ಒಬ್ಬಳು ಹುಡುಗಿ ಎದ್ದು ನಿಂತು, "ಟೀಚರ್, ತಪ್ಪು ಮಾಡಿದ್ದು ಆ ಮನುಷ್ಯ. ಕುರಿ ಏನು ಮಾಡಿತ್ತು? ದೇವರು ಅದಕ್ಕೆ ಯಾಕೆ ಶಿಕ್ಷೆ ಕೊಟ್ಟರು?" ಅಂದಳು. ಅವರ ಮನೆಯಲ್ಲಿ ಕುರಿ ಸಾಕುತ್ತಾರೆ. ನನಗೆ ಉತ್ತರ ಹೊಳೆಯಲಿಲ್ಲ. ಏನು ಹೇಳಲಿ?

ಉತ್ತರ:

ನಮಸ್ಕಾರ ಟೀಚರ್. ನಾನು 22 ವರ್ಷದಿಂದ ದೇವಜ್ಞಾನ ಕಾಲೇಜಿನಲ್ಲಿ ಹಳೇ ಒಡಂಬಡಿಕೆ ಕಲಿಸುತ್ತಿದ್ದೇನೆ. ದೊಡ್ಡವರು ಕೇಳದೆ ಬಿಟ್ಟ ಪ್ರಶ್ನೆಯನ್ನು ಆ ಮಗು ಕೇಳಿದೆ. ಕುರಿಗೆ ಶಿಕ್ಷೆ ಆಗುತ್ತಿತ್ತು ಅಂತ ಯಾಜಕಕಾಂಡದಲ್ಲಿ, ಅಂದರೆ ಯಜ್ಞಗಳ ವಿಧಿ ಇರುವ ಬೈಬಲಿನ ಪುಸ್ತಕದಲ್ಲಿ, ಎಲ್ಲೂ ಬರೆದಿಲ್ಲ. ಒಮ್ಮೆ 4ನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಅಲ್ಲಿ ದೇವರ ಕೋಪದ ಮಾತೇ ಇಲ್ಲ. ಪ್ರಾಣಿಯನ್ನು ಬೈಯುವುದಿಲ್ಲ, ಹಿಂಸಿಸುವುದಿಲ್ಲ.

ನಡೆಯುವುದು ಹೀಗೆ. ಸಾಮಾನ್ಯ ಮನುಷ್ಯನೊಬ್ಬ ತಿಳಿಯದೆ ಒಂದು ಆಜ್ಞೆ ಮೀರಿದ್ದಾನೆ. ಆಮೇಲೆ ಅದು ಅವನಿಗೆ ಗೊತ್ತಾಗುತ್ತದೆ. ಅವನು ಒಂದು ಹೆಣ್ಣು ಮೇಕೆಯನ್ನೋ ಹೆಣ್ಣು ಕುರಿಯನ್ನೋ ಹಿಡಿದು ತರುತ್ತಾನೆ. ಅದರ ತಲೆಯ ಮೇಲೆ ಕೈ ಇಡುತ್ತಾನೆ. ತಾನೇ ಕೊಯ್ಯುತ್ತಾನೆ; ಈ ಕೆಲಸ ಯಾಜಕನದ್ದಲ್ಲ. ಯಾಜಕನ ಕೆಲಸ ಶುರುವಾಗುವುದೇ ರಕ್ತದಿಂದ. ಅವನು ಬೆರಳನ್ನು ರಕ್ತದಲ್ಲಿ ಅದ್ದಿ ಯಜ್ಞವೇದಿಯ ನಾಲ್ಕು ಮೂಲೆಯ ಕೊಂಬುಗಳಿಗೆ ಹಚ್ಚುತ್ತಾನೆ. ಉಳಿದದ್ದನ್ನು ವೇದಿಯ ಬುಡಕ್ಕೆ ಹೊಯ್ಯುತ್ತಾನೆ. ಕೊಬ್ಬನ್ನು ಬೆಂಕಿಯಲ್ಲಿ ಸುಡುತ್ತಾನೆ.

ಈಗ ಗಮನಿಸಿ. ರಕ್ತ ಬಿದ್ದಿದ್ದು ಯಾವುದರ ಮೇಲೆ? ತಪ್ಪು ಮಾಡಿದವನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಹಚ್ಚಿದ್ದು ವೇದಿಗೆ. ಶುಚಿಯಾಗಬೇಕಾದದ್ದು ದೇವರ ಮನೆ ಅಂತ ಆ ಜನ ತಿಳಿದಿದ್ದರು. ನಮ್ಮ ಊರಿನ ಕೆರೆ ನೆನಪು ಮಾಡಿಕೊಳ್ಳಿ. ಕೊಳೆ ಇರುವುದು ಅವರವರ ಮನೆಯಲ್ಲಿ, ಆದರೆ ಮಳೆ ಬಂದಾಗ ಎಲ್ಲ ಹರಿದು ಬಂದು ಸೇರುವುದು ಕೆರೆಗೆ. ಹಾಗೆ ಜನ ಎಲ್ಲೋ ಮಾಡಿದ ತಪ್ಪಿನ ಕೊಳೆ ಇಸ್ರಾಯೇಲರ ಪಾಳೆಯದ ನಡುವೆ ಇರುವ ದೇವದರ್ಶನದ ಗುಡಾರಕ್ಕೆ, ಅಂದರೆ ಆಗಿನ ದೇವರ ಮನೆಗೆ, ಬಂದು ಅಂಟುತ್ತದೆ. ಕೊಳೆ ಜಾಸ್ತಿಯಾದರೆ ದೇವರು ಅಲ್ಲಿ ನಿಲ್ಲುವುದಿಲ್ಲ. ಪ್ರವಾದಿ ಯೆಹೆಜ್ಕೇಲನು ಕಂಡದ್ದು ಇದನ್ನೇ: ದೇವರ ಮಹಿಮೆ ದೇವಾಲಯ ಬಿಟ್ಟು ಹೊರಟುಹೋಯಿತು. ಆದ್ದರಿಂದ ತೊಳೆಯಬೇಕು. ತೊಳೆಯುವ ವಸ್ತು ರಕ್ತ. ಯಾಕೆ ರಕ್ತ? ಯಾಜಕಕಾಂಡ 17:11 ಹೇಳುವಂತೆ ಜೀವ ಇರುವುದು ರಕ್ತದಲ್ಲಿ. ಮಾಲಿನ್ಯ ಸಾವಿನ ಕಡೆಯದು. ಅದನ್ನು ಕಳೆಯುವುದು ಜೀವ.

ನಮ್ಮ ಕನ್ನಡ ಬೈಬಲಿನಲ್ಲಿ "ದೋಷಪರಿಹಾರಕಯಜ್ಞ" ಅಂತ ಬರುವ ಮಾತಿಗೆ ಹೀಬ್ರೂವಿನಲ್ಲಿ "ಹತ್ತಾತ್" ಎನ್ನುತ್ತಾರೆ. ಹೆರಿಗೆಯಾದ ತಾಯಿಯೂ ಹತ್ತಾತ್ ತರಬೇಕು. ಮಗು ಹೆರುವುದು ಪಾಪವಾ? ಅಲ್ಲವೇ ಅಲ್ಲ. ಹೊಸದಾಗಿ ಕಟ್ಟಿದ ಯಜ್ಞವೇದಿಗೂ ಹತ್ತಾತ್ ಇದೆ. ಕಲ್ಲು, ಮರ, ತಾಮ್ರ ಏನು ಪಾಪ ಮಾಡೀತು? ಜೇಕಬ್ ಮಿಲ್‌ಗ್ರೋಮ್ ಎಂಬ ಯೆಹೂದಿ ವಿದ್ವಾಂಸರು ಇಂಥ ಎಳೆಗಳನ್ನೆಲ್ಲ ಸೇರಿಸಿ, ಇದನ್ನು ಶುದ್ಧೀಕರಣದ ಯಜ್ಞ ಅಂತಲೇ ಓದಬೇಕು ಎಂದು ವಾದಿಸಿದರು. ಇವತ್ತು ಬಹಳಷ್ಟು ವಿದ್ವಾಂಸರು ಆ ದಾರಿಯಲ್ಲೇ ಓದುತ್ತಾರೆ.

ಇನ್ನೊಂದು ವಿಷಯ. ಪಾಪವೆಲ್ಲ ಕುರಿಯೊಳಗೆ ಹೋಗಿದ್ದರೆ ಆ ಮಾಂಸ ಮುಟ್ಟಬಾರದ ವಸ್ತು ಆಗಬೇಕಿತ್ತು ಅಲ್ವಾ? ಆದರೆ 6ನೇ ಅಧ್ಯಾಯ ಅದನ್ನು "ಮಹಾಪರಿಶುದ್ಧ" ಎನ್ನುತ್ತದೆ. ಯಾಜಕರು ಅದನ್ನು ಪರಿಶುದ್ಧ ಜಾಗದಲ್ಲೇ ಬೇಯಿಸಿ ತಿನ್ನಬೇಕು. ಮಣ್ಣಿನ ಮಡಕೆಯಲ್ಲಿ ಬೇಯಿಸಿದ್ದರೆ ಆಮೇಲೆ ಆ ಮಡಕೆ ಒಡೆಯಬೇಕು. ತಾಮ್ರದ ಪಾತ್ರೆಯಾದರೆ ಉಜ್ಜಿ ತೊಳೆದರೆ ಸಾಕು. ಮಣ್ಣಿನ ಮಡಕೆಯಲ್ಲಿ ಒಮ್ಮೆ ಮೀನು ಸಾರು ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮಡಕೆ ಹೀರಿಕೊಳ್ಳುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ. ಇಲ್ಲಿ ಮಡಕೆ ಹೀರಿದ್ದು ಪರಿಶುದ್ಧತೆಯನ್ನು. ಅದರಲ್ಲಿ ಇನ್ನು ದಿನನಿತ್ಯದ ಅಡುಗೆ ಮಾಡುವಂತಿಲ್ಲ.

ಆ ಹುಡುಗಿಗೆ ಮೊದಲು, "ಇಲ್ಲಮ್ಮ, ದೇವರು ಕುರಿಗೆ ಶಿಕ್ಷೆ ಕೊಡಲಿಲ್ಲ, ನಾನು ತಪ್ಪಾಗಿ ಹೇಳಿದೆ" ಅನ್ನಿ. ಟೀಚರ್ ತಪ್ಪು ಒಪ್ಪಿಕೊಂಡಿದ್ದು ಅವಳಿಗೆ ಪಾಠಕ್ಕಿಂತ ಜಾಸ್ತಿ ನೆನಪಿರುತ್ತದೆ. ಇನ್ನೊಂದು ಮಾತು ಕೂಡ ಸೇರಿಸಿ. ಕುರಿ ತರಲಾಗದ ಬಡವ ಎರಡು ಪಾರಿವಾಳ ತರಬಹುದಿತ್ತು. ಅದಕ್ಕೂ ಆಗದವನು ಸುಮಾರು ಎರಡು ಲೀಟರ್ ಅಳತೆಯ ಹಿಟ್ಟು ತಂದರೆ ಸಾಕಿತ್ತು, ಎಣ್ಣೆ ಧೂಪ ಏನೂ ಬೇಡ. ಅವನಿಗೂ ಅದೇ ಕ್ಷಮೆ. ಇದು ಯಾಜಕಕಾಂಡ 5:11ರಲ್ಲಿದೆ. ಒಂದು ಹನಿ ರಕ್ತ ಇಲ್ಲದೆ ಕ್ಷಮೆ! ಇಬ್ರಿಯರಿಗೆ ಬರೆದ ಪತ್ರಿಕೆಯ 9:22ನ್ನು ನಾವು ಬಾಯಿಪಾಠ ಹೇಳುವಾಗ "ರಕ್ತಧಾರೆಯಿಲ್ಲದೆ ಕ್ಷಮೆಯಿಲ್ಲ" ಅನ್ನುವುದನ್ನು ಮಾತ್ರ ಹೇಳುತ್ತೇವೆ. ಅದೇ ವಚನದ ಆರಂಭದಲ್ಲಿ "ಹೆಚ್ಚು ಕಡಿಮೆ" ಎಂಬ ಅರ್ಥದ ಗ್ರೀಕ್ ಪದ ಇದೆ. ಆ ಪತ್ರಿಕೆ ಬರೆದವರಿಗೆ ಹಿಟ್ಟಿನ ವಿಷಯ ಚೆನ್ನಾಗಿ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ.

ಪ್ರಶ್ನೆ (ಮಂಡ್ಯ ಜಿಲ್ಲೆಯ ಸದಸ್ಯ):

ಮೇಡಂ, ನಾನು ಕ್ರೈಸ್ತನಲ್ಲ, ಗುಂಪಿನಲ್ಲಿ ಸುಮ್ನೆ ಓದುತ್ತಿರುತ್ತೇನೆ. ನಮ್ಮೂರ ಮಾರಿಹಬ್ಬದಲ್ಲಿ ಹರಕೆ ಹೊತ್ತವರು ಕುರಿ ಕಡಿಯುತ್ತಾರೆ. ಆಮೇಲೆ ನೆಂಟರೆಲ್ಲ ಸೇರಿ ಊಟ. ಇಸ್ರಾಯೇಲರದ್ದೂ ಇಂಥದ್ದೇನಾ?

ಉತ್ತರ:

ಬನ್ನಿ, ಸಂತೋಷ. ನೀವು ಊಟದ ಮಾತು ತೆಗೆದದ್ದು ಒಳ್ಳೆಯದಾಯಿತು. ಯಜ್ಞ ಅಂದರೆ ಪಾಪ, ರಕ್ತ ಅಂತ ಮಾತ್ರ ಯೋಚಿಸುವ ನಮ್ಮ ಜನಕ್ಕೆ ಆ ಕಡೆ ಗಮನವೇ ಹೋಗುವುದಿಲ್ಲ.

ಯಾಜಕಕಾಂಡದ ಮೊದಲ ಏಳು ಅಧ್ಯಾಯದಲ್ಲಿ ಐದು ಬಗೆಯ ಅರ್ಪಣೆ ಇವೆ. ಪೂರ್ತಿ ಸುಟ್ಟುಬಿಡುವ ಸರ್ವಾಂಗಹೋಮ, ಹಿಟ್ಟಿನ ಧಾನ್ಯನೈವೇದ್ಯ, ಸಮಾಧಾನಯಜ್ಞ, ದೋಷಪರಿಹಾರಕಯಜ್ಞ, ಪ್ರಾಯಶ್ಚಿತ್ತಯಜ್ಞ. ಇವುಗಳಲ್ಲಿ ಸಮಾಧಾನಯಜ್ಞ ಅನ್ನುವುದು ಅಪ್ಪಟ ಊಟ. ಕೊಬ್ಬು ದೇವರಿಗೆ, ಎದೆಯ ಭಾಗ ಮತ್ತು ಬಲತೊಡೆ ಯಾಜಕರಿಗೆ, ಉಳಿದದ್ದೆಲ್ಲ ತಂದವನ ಮನೆಯವರಿಗೆ. ಹರಕೆ ಒಪ್ಪಿಸುವುದಾದರೆ ಎರಡು ದಿನ ತಿನ್ನಬಹುದು, ಮೂರನೇ ದಿನಕ್ಕೆ ಉಳಿದದ್ದನ್ನು ಸುಡಬೇಕು. ಕೃತಜ್ಞತೆಗೆ ಅರ್ಪಿಸಿದ್ದಾದರೆ ಅದೇ ದಿನ ಮುಗಿಸಬೇಕು. ಒಂದು ಕುರಿಯನ್ನು ಒಂದೇ ದಿನದಲ್ಲಿ ಮುಗಿಸಬೇಕಾದರೆ ಅಕ್ಕಪಕ್ಕದವರನ್ನು ಕರೆಯಲೇಬೇಕು ಅಲ್ವಾ? ಆ ನಿಯಮ ಓದಿದಾಗಲೆಲ್ಲ ನನಗೆ ಬಾಗಿಲು ತೆರೆದ ಮನೆಯೇ ಕಣ್ಣಿಗೆ ಕಟ್ಟುತ್ತದೆ.

ಇವೆಲ್ಲಕ್ಕೂ ಸೇರಿ ಹೀಬ್ರೂವಿನಲ್ಲಿ "ಕೊರ್ಬಾನ್" ಅಂತ ಒಂದೇ ಹೆಸರು. ಹತ್ತಿರ ಬರುವುದು ಎಂಬ ಧಾತುವಿನಿಂದ ಬಂದ ಪದ. ಬಕ್ರೀದ್ ಸಮಯದಲ್ಲಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಕೇಳುವ "ಕುರ್ಬಾನಿ" ಇದರದೇ ಬಳಗದ ಪದ. ಕೇರಳದ ಸಿರಿಯನ್ ಕ್ರೈಸ್ತರು ತಮ್ಮ ಆರಾಧನೆಗೆ "ಕುರ್ಬಾನ" ಅನ್ನುತ್ತಾರೆ, ಅದೂ ಇದೇ. ಕೊಲ್ಲುವುದು ಅಂತಲ್ಲ, ಹತ್ತಿರ ಬರುವುದು.

ಒಂದು ವ್ಯತ್ಯಾಸ ಇದೆ. ದೇವರಿಗೆ ಹಸಿವಾಗುತ್ತದೆ, ನಾವು ತಿನ್ನಿಸಬೇಕು ಎಂಬ ಯೋಚನೆಯನ್ನು 50ನೇ ಕೀರ್ತನೆ ನೇರವಾಗಿ ತಳ್ಳಿಹಾಕುತ್ತದೆ. ನನಗೆ ಹಸಿವಾದರೆ ನಿನಗೆ ಹೇಳುವುದಿಲ್ಲ, ಲೋಕವೆಲ್ಲ ನನ್ನದೇ ಅನ್ನುತ್ತಾನೆ ದೇವರು. ನಿಮ್ಮೂರ ಹಬ್ಬದ ಅರ್ಥ ಏನು ಅಂತ ನಿಮ್ಮೂರಿನ ಹಿರಿಯರೇ ಹೇಳಬೇಕು, ನಾನು ಹೊರಗಿನಿಂದ ಹೇಳುವುದು ಸರಿಯಲ್ಲ.

ಪ್ರಶ್ನೆ (ಹುಬ್ಬಳ್ಳಿ, ಅನುವಾದಕ):

ಪತ್ರಿಕೆಗಳಲ್ಲಿ ಬೇರೆಯವರ ತಪ್ಪಿಗೆ ಸಿಕ್ಕಿಕೊಂಡವನನ್ನು "ಬಲಿಪಶು" ಅಂತ ಬರೆಯುತ್ತೇವೆ. ಇಂಗ್ಲಿಷಿನ "ಸ್ಕೇಪ್‌ಗೋಟ್" ಎಂಬ ಪದ ಬೈಬಲಿನಿಂದ ಬಂದಿದ್ದು ಅಂತ ಓದಿದ್ದೆ. ಹಾಗಾದರೆ ಆ ಮೇಕೆಗೆ ಪಾಪ ಹೊರಿಸಿ ಬಲಿ ಕೊಡುತ್ತಿದ್ದರು ತಾನೇ? ಅಂದರೆ ಮೊದಲ ಉತ್ತರಕ್ಕೆ ಇದು ವಿರುದ್ಧ ಆಗಲಿಲ್ಲವಾ?

ಉತ್ತರ:

ಇದು ಗಟ್ಟಿ ಪ್ರಶ್ನೆ. ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ಯಾಜಕಕಾಂಡ 16ನೇ ಅಧ್ಯಾಯ. ಏಳನೇ ತಿಂಗಳ ಹತ್ತನೇ ದಿನ, ಯೆಹೂದ್ಯರು ಇವತ್ತಿಗೂ "ಯೋಮ್ ಕಿಪ್ಪೂರ್" ಎಂದು ಆಚರಿಸುವ ದಿನ. ನಮ್ಮ ಲೆಕ್ಕದಲ್ಲಿ ಸೆಪ್ಟೆಂಬರ್ ಅಥವಾ ಅಕ್ಟೋಬರ್. ಆವತ್ತು ಮಹಾಯಾಜಕ ತನ್ನ ಬಣ್ಣಬಣ್ಣದ ಉಡುಪು ತೆಗೆದಿಟ್ಟು ಸಾದಾ ನಾರುಬಟ್ಟೆ ಉಡುತ್ತಾನೆ. ಮೊದಲು ತನಗೂ ತನ್ನ ಮನೆಯವರಿಗೂ ಒಂದು ಹೋರಿ. ಆಮೇಲೆ ಜನರಿಗಾಗಿ ಎರಡು ಹೋತ. ಎರಡಕ್ಕೂ ಚೀಟಿ ಹಾಕುತ್ತಾರೆ: ಒಂದು ಯೆಹೋವನಿಗೆ, ಒಂದು ಅಜಾಜೇಲನಿಗೆ (ಅಡವಿಯ ದೆವ್ವದ ಹೆಸರು ಅಂತ ಹಲವರು ಓದುತ್ತಾರೆ).

ಯೆಹೋವನ ಪಾಲಿಗೆ ಬಂದ ಹೋತವನ್ನು ಕೊಯ್ಯುತ್ತಾರೆ. ಮಹಾಯಾಜಕ ಧೂಪದ ಹೊಗೆ ಎಬ್ಬಿಸಿ, ತೆರೆ ದಾಟಿ ಗುಡಾರದ ಒಳಕೋಣೆಯಾದ ಮಹಾಪರಿಶುದ್ಧಸ್ಥಳಕ್ಕೆ ಹೋಗುತ್ತಾನೆ. ವರ್ಷದಲ್ಲಿ ಆ ಒಂದೇ ದಿನ ಅಲ್ಲಿಗೆ ಪ್ರವೇಶ. ಅಲ್ಲಿರುವ ಮಂಜೂಷದ, ಅಂದರೆ ದೇವರ ಆಜ್ಞೆಗಳನ್ನು ಇಟ್ಟ ಪೆಟ್ಟಿಗೆಯ, ಮುಚ್ಚಳವಾದ ಕೃಪಾಸನದ ಮೇಲೂ ಅದರ ಮುಂದೆಯೂ ರಕ್ತ ಚಿಮುಕಿಸುತ್ತಾನೆ. ಯಾಕೆ ಅಂತ 16ನೇ ವಚನ ಹೇಳುತ್ತದೆ: ಜನರ ಅಶುದ್ಧತೆಯ ದೆಸೆಯಿಂದ ಪರಿಶುದ್ಧ ಸ್ಥಳಕ್ಕೆ ದೋಷಪರಿಹಾರ. ಇಲ್ಲೂ ತೊಳೆಯುವುದು ಮನೆಯನ್ನೇ. ಈ ಹೋತದ ತಲೆಯ ಮೇಲೆ ಯಾರೂ ಪಾಪ ಹೇಳುವುದಿಲ್ಲ.

ಎರಡನೆಯ ಹೋತ ಜೀವಂತ ನಿಂತಿದೆ. ಮಹಾಯಾಜಕ ಅದರ ತಲೆಯ ಮೇಲೆ ಎರಡೂ ಕೈ ಇಡುತ್ತಾನೆ. ಮಾಮೂಲಿ ಯಜ್ಞದಲ್ಲಿ ಒಂದೇ ಕೈಯ ಮಾತು ಬರುತ್ತದೆ, ಇಲ್ಲಿ ಎರಡು. ಜನರ ಪಾಪಗಳನ್ನೆಲ್ಲ ಬಾಯಿಬಿಟ್ಟು ಹೇಳಿ ಅದರ ಮೇಲೆ ಹೊರಿಸುತ್ತಾನೆ. ಆಮೇಲೆ ಒಬ್ಬ ಆಳು ಅದನ್ನು ಹಿಡಿದುಕೊಂಡು ಹೋಗಿ ಅಡವಿಯಲ್ಲಿ ಬಿಟ್ಟುಬಿಡುತ್ತಾನೆ.

ಅಂದರೆ ಕೊಯ್ದ ಹೋತ ಪಾಪ ಹೊರಲಿಲ್ಲ. ಪಾಪ ಹೊತ್ತ ಹೋತವನ್ನು ಕೊಯ್ಯಲಿಲ್ಲ, ಅದು ಬಲಿಯೇ ಅಲ್ಲ. ವೇದಿಯ ಮೇಲೆ ಅದನ್ನು ಅರ್ಪಿಸುವುದಿಲ್ಲ. ಕಸ ಹೊತ್ತ ಗಾಡಿಯ ಹಾಗೆ ಅದು ಊರಾಚೆ ಹೋಗಬೇಕು. ಹೆರೋದನ ಕಾಲದ ಹೊತ್ತಿಗೆ ಆ ಹೋತ ತಿರುಗಿ ಬಾರದ ಹಾಗೆ ಕಡಿದಾದ ಬಂಡೆಯಿಂದ ತಳ್ಳುತ್ತಿದ್ದರು ಅಂತ ಮಿಷ್ನಾ ಎಂಬ ಯೆಹೂದಿ ಗ್ರಂಥ ಹೇಳುತ್ತದೆ. ಮೂಲ ವಿಧಿಯಲ್ಲಿ ಆ ಮಾತಿಲ್ಲ. "ಸ್ಕೇಪ್‌ಗೋಟ್" ಪದ ಹುಟ್ಟಿಸಿದವರು ವಿಲಿಯಂ ಟಿಂಡೇಲ್, 1530ರ ಅನುವಾದದಲ್ಲಿ. ಅವರ ಮನಸ್ಸಿನಲ್ಲಿ ಇದ್ದ ಅರ್ಥ ತಪ್ಪಿಸಿಕೊಂಡು ಹೋದ ಮೇಕೆ. ನಮ್ಮ "ಬಲಿಪಶು" ಅದಕ್ಕೆ ತದ್ವಿರುದ್ಧ! ನೀವು ಅನುವಾದಕರು, ಪತ್ರಿಕೆಗೆ ಅದೇ ಪದ ಇರಲಿ. ಈ ಅಧ್ಯಾಯ ಅನುವಾದಿಸುವಾಗ ಮಾತ್ರ ಬೇಡ.

"ಕಿಪ್ಪೂರ್" ಪದದ ಧಾತುವಿಗೆ ಒರೆಸು ಎಂಬ ಅರ್ಥವೂ ಇದೆ, ಬಿಡುಗಡೆಯ ಬೆಲೆ ಎಂಬ ಅರ್ಥದ ಪದಕ್ಕೂ ಅದು ನೆಂಟ. ಕೃಪಾಸನಕ್ಕೆ ಹೀಬ್ರೂವಿನಲ್ಲಿ ಅದೇ ಧಾತುವಿನ "ಕಪ್ಪೋರೆತ್". ಅದನ್ನು ಗ್ರೀಕಿಗೆ ತಂದ ಯೆಹೂದಿ ಅನುವಾದಕರು "ಹಿಲಾಸ್ತೆರಿಯೊನ್" ಎಂಬ ಪದ ಹಾಕಿದರು. ಈಗ ರೋಮಾಪುರದವರಿಗೆ ಬರೆದ ಪತ್ರಿಕೆ 3:25 ನೋಡಿ. ಅದನ್ನು ಬರೆದ ಅಪೊಸ್ತಲ ಪೌಲ ಯೇಸುವನ್ನು ಕರೆದದ್ದು ಇದೇ ಪದದಿಂದ! ವಿಮೋಚನಕಾಂಡ 25:22ರಲ್ಲಿ ಕೃಪಾಸನದ ಬಗ್ಗೆ ದೇವರು, ಅಲ್ಲಿ ನಾನು ನಿನ್ನನ್ನು ಸಂಧಿಸುತ್ತೇನೆ ಅನ್ನುತ್ತಾನೆ. ಯಾರೂ ನೋಡದ ಕತ್ತಲ ಕೋಣೆಯಲ್ಲಿದ್ದ ಆ ಭೇಟಿಯ ಜಾಗ ಈಗ ಎಲ್ಲರ ಕಣ್ಣೆದುರು, ಊರ ಹೊರಗೆ, ಶಿಲುಬೆಯ ಮೇಲೆ ಅಂತ ಪೌಲ ಹೇಳುತ್ತಿದ್ದಾನೆ. ನಾನು ಮೊದಲ ಸಲ ಈ ಎರಡು ವಚನ ಪಕ್ಕಪಕ್ಕ ಇಟ್ಟು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ರಶ್ನೆ (ಬೀದರ್ ಕಡೆಯ ಸಭಾಪಾಲಕರು):

ಅಮ್ಮ, ನಿಮ್ಮ ಮಾತು ನನಗೆ ಕಳವಳ ತಂದಿದೆ. ಕ್ರಿಸ್ತನು ನಮ್ಮ ಶಿಕ್ಷೆಯನ್ನು ಹೊತ್ತನು ಎಂಬುದೇ ಸುವಾರ್ತೆಯ ತಿರುಳು. ನೀವು ಅದನ್ನೇ ತೆಗೆದುಹಾಕುತ್ತಿದ್ದೀರಲ್ಲ?

ಉತ್ತರ:

ಅಯ್ಯನವರೇ, ನಿಮ್ಮ ಕಳವಳ ನನಗೆ ಅರ್ಥವಾಗುತ್ತದೆ. ತೆಗೆದುಹಾಕುತ್ತಿಲ್ಲ. ಅದು ಎಲ್ಲಿಂದ ಬಂತು ಅನ್ನುವುದನ್ನು ಹೇಳುತ್ತಿದ್ದೇನೆ. ಆ ಮಾತು ಯಜ್ಞವೇದಿಯಿಂದ ಬಂದಿಲ್ಲ. ಅದು ಯೆಶಾಯ 53ರಿಂದ ಬಂದಿದೆ. ನಮ್ಮ ದ್ರೋಹಗಳಿಗಾಗಿ ಗಾಯಗೊಂಡ ಸೇವಕ, ನಮಗೆ ಸಮಾಧಾನ ತರುವ ದಂಡನೆ ಅವನ ಮೇಲೆ. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ ಎಂಬ ಧರ್ಮೋಪದೇಶಕಾಂಡದ ಮಾತಿನಿಂದಲೂ ಬಂದಿದೆ, ಪೌಲ ಅದನ್ನು ಗಲಾತ್ಯದವರಿಗೆ ಬರೆದಾಗ ಎತ್ತಿಕೊಂಡ. ಅವು ಬೈಬಲಿನಲ್ಲೇ ಇವೆ, ಇರಲಿ.

ಅಪೊಸ್ತಲರು ಒಂದೇ ಚಿತ್ರ ಬಿಡಿಸಲಿಲ್ಲ ಅನ್ನುವುದಷ್ಟೇ ನನ್ನ ಮಾತು. ಯೋಹಾನನಿಗೆ ಪಸ್ಕದ ಕುರಿ ಮುಖ್ಯ, ಅಂದರೆ ಇಸ್ರಾಯೇಲರು ಐಗುಪ್ತ ಬಿಟ್ಟು ಹೊರಟ ರಾತ್ರಿ ಕೊಯ್ದ ಕುರಿ. ಆ ಕುರಿ ಪಾಪಪರಿಹಾರದ ಯಜ್ಞವೇ ಅಲ್ಲ. ಅದರ ರಕ್ತವನ್ನು ಹಿಸ್ಸೋಪು ಎಂಬ ಗಿಡದ ಕಟ್ಟಿನಿಂದ ಬಾಗಿಲ ನಿಲುವುಗಳಿಗೆ ಹಚ್ಚಿದ್ದು ಸಾವು ಒಳಗೆ ಬಾರದಿರಲಿ ಅಂತ. ಮಾಂಸ ತಿಂದದ್ದು ಗುಲಾಮಗಿರಿಯಿಂದ ಹೊರಡುವ ಪ್ರಯಾಣಕ್ಕೆ. ಅದಕ್ಕೇ ಯೋಹಾನನ ಸುವಾರ್ತೆಯಲ್ಲಿ ಯೇಸುವಿಗೆ ಮರಣದಂಡನೆ ಆದದ್ದು ಪಸ್ಕದ ಸಿದ್ಧತೆಯ ದಿನ. ಹುಳಿರಸದ ಸ್ಪಂಜನ್ನು ಎತ್ತಿಹಿಡಿದದ್ದು ಹಿಸ್ಸೋಪಿನ ಕೋಲಿನಲ್ಲಿ, ಎಲುಬು ಮುರಿಯಲಿಲ್ಲ ಅನ್ನುವುದನ್ನೂ ಅವನು ಬಿಡದೆ ಬರೆಯುತ್ತಾನೆ. ಮಾರ್ಕನ ಸುವಾರ್ತೆಯಲ್ಲಿ ಯೇಸು ಪಾತ್ರೆ ಎತ್ತಿ ಹೇಳಿದ್ದು "ಒಡಂಬಡಿಕೆಯ ರಕ್ತ". ಅದು ವಿಮೋಚನಕಾಂಡ 24ರ ಮಾತು, ಮೋಶೆ ಅರ್ಧ ರಕ್ತವನ್ನು ವೇದಿಯ ಮೇಲೂ ಅರ್ಧವನ್ನು ಜನರ ಮೇಲೂ ಚಿಮುಕಿಸಿ ಅವರನ್ನು ದೇವರ ಜನ ಮಾಡಿದ ದಿನ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಯೇಸು ಯಜ್ಞವೂ ಹೌದು, ಮಹಾಯಾಜಕರೂ ಹೌದು. ಅವರು ಯೂದ ಕುಲದವರು, ಲೇವಿಯರಲ್ಲ, ಆದ್ದರಿಂದ ಅಬ್ರಹಾಮನ ಕಾಲದ ಯಾಜಕ ರಾಜನಾದ ಮೆಲ್ಕಿಜೆದೇಕನ ತರಹದ ಯಾಜಕ. ತನ್ನ ಜೀವವನ್ನು ಹಿಡಿದು ಪರಲೋಕದ ಗರ್ಭಗುಡಿಗೇ ನಡೆದವರು. ಅಲ್ಲಿ ಸಾವಿನಷ್ಟೇ ಆ ನಡೆದು ಒಳಗೆ ಹೋಗುವುದಕ್ಕೂ ಮಹತ್ವ. ಪುನರುತ್ಥಾನ ಇಲ್ಲದಿದ್ದರೆ ಆ ವಾದವೇ ನಿಲ್ಲುವುದಿಲ್ಲ.

ಸಭೆಯ ಚರಿತ್ರೆಯಲ್ಲೂ ಹೀಗೇ. ಮೊದಲ ಸಾವಿರ ವರ್ಷ ಹೆಚ್ಚಾಗಿ ಕೇಳಿಬಂದದ್ದು ಬಿಡುಗಡೆ ಮತ್ತು ಜಯದ ಮಾತು: ಸಾವು ಸೋತಿತು, ಸೆರೆಯವರು ಹೊರಬಂದರು. ಸುಮಾರು 1098ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಬರೆದಾಗ ಅದು ದೇವರ ಗೌರವಕ್ಕೆ ಸಲ್ಲಬೇಕಾದ ಸಾಲದ ಲೆಕ್ಕವಾಯಿತು, ಒಡೆಯ ಮತ್ತು ಒಕ್ಕಲಿನ ಕಾಲ ಅದು. ಹದಿನಾರನೇ ಶತಮಾನದ ಸುಧಾರಕರು ಅದನ್ನು ನ್ಯಾಯಾಲಯದ ಮಾತಿಗೆ ತಂದರು. ಅವರಲ್ಲಿ ಒಬ್ಬರಾದ ಕ್ಯಾಲ್ವಿನ್ ಕಾನೂನು ಓದಿದವರು. ನಾಲ್ಕನೇ ಶತಮಾನದಿಂದ ಸಭೆಗಳು ಹೇಳಿಕೊಂಡು ಬಂದ ನೈಸಿಯಾದ ವಿಶ್ವಾಸಪ್ರಮಾಣ ಹೇಳುವುದು "ನಮಗಾಗಿ" ಅಂತ ಮಾತ್ರ. ಹೇಗೆ ಅಂತ ಒಂದೇ ವಿವರಣೆಗೆ ಅದು ಯಾರನ್ನೂ ಕಟ್ಟಿಹಾಕಲಿಲ್ಲ.

ಅಯ್ಯನವರೇ, ನನಗೆ ಹೆದರಿಕೆ ಇರುವುದು ಒಂದೇ ವಿಷಯಕ್ಕೆ. ಸಿಟ್ಟಾದ ತಂದೆ ಹೊಡೆಯಲು ಕೈ ಎತ್ತಿದ, ಅಡ್ಡ ಬಂದ ಮಗನಿಗೆ ಪೆಟ್ಟು ಬಿತ್ತು ಅಂತ ಮಕ್ಕಳು ಅರ್ಥ ಮಾಡಿಕೊಂಡರೆ ಅವರು ಮಗನನ್ನು ಪ್ರೀತಿಸುತ್ತಾರೆ, ತಂದೆಗೆ ಹೆದರುತ್ತಾರೆ. ಯಾಜಕಕಾಂಡ 17:11ರಲ್ಲಿ ಆ ರಕ್ತವನ್ನು ನಾನೇ ನಿಮಗೆ ಕೊಟ್ಟಿದ್ದೇನೆ ಅನ್ನುತ್ತಾನೆ ದೇವರು. ಮನುಷ್ಯ ದೇವರನ್ನು ಒಲಿಸಿಕೊಳ್ಳಲು ಹುಡುಕಿದ ದಾರಿ ಅಲ್ಲ ಅದು. ದಾರಿ ಮಾಡಿಕೊಟ್ಟವರು ದೇವರೇ.

ಪ್ರಶ್ನೆ (ಮಂಗಳೂರು):

ನಾವು ಕಥೋಲಿಕರು. ನಮ್ಮಲ್ಲಿ ಪ್ರತಿದಿನ "ಬಲಿಪೂಜೆ" ಇರುತ್ತದೆ. ಕ್ರಿಸ್ತರ ಬಲಿ ಒಂದೇ ಸಲ ಅಂತ ಇಬ್ರಿಯರ ಪತ್ರಿಕೆ ಹೇಳಿದ ಮೇಲೆ ಇದು ಯಾಕೆ ಅಂತ ಪ್ರೊಟೆಸ್ಟೆಂಟ್ ಗೆಳತಿ ಕೇಳುತ್ತಾಳೆ.

ಉತ್ತರ:

ನಾನು ಪ್ರೊಟೆಸ್ಟೆಂಟ್, ಆದರೂ ನಿಮ್ಮ ಸಭೆ ಹೇಳುವುದನ್ನು ಸರಿಯಾಗಿ ಹೇಳಲು ಪ್ರಯತ್ನಿಸುತ್ತೇನೆ. 1562ರಲ್ಲಿ ಟ್ರೆಂಟ್ ಸಭೆ, ಅಂದರೆ ಟ್ರೆಂಟ್ ಊರಿನಲ್ಲಿ ಸೇರಿದ ಕಥೋಲಿಕ ಬಿಷಪರ ಮಹಾಸಭೆ, ಹೇಳಿದ್ದು, ಬಲಿಪೂಜೆ ಇನ್ನೊಂದು ಹೊಸ ಬಲಿ ಅಲ್ಲ, ಶಿಲುಬೆಯ ಅದೇ ಬಲಿ ರಕ್ತವಿಲ್ಲದ ರೀತಿಯಲ್ಲಿ ಅಲ್ಲಿ ಇರುತ್ತದೆ ಅಂತ. ಕ್ರಿಸ್ತರನ್ನು ಮತ್ತೆ ಮತ್ತೆ ಕೊಲ್ಲುತ್ತಾರೆ ಎಂಬ ಅರ್ಥವನ್ನು ನಿಮ್ಮ ಸಭೆಯೂ ಒಪ್ಪುವುದಿಲ್ಲ. ಸುಧಾರಕರಿಗೆ ಅಷ್ಟು ಹೇಳಿದರೂ ಸಾಲಲಿಲ್ಲ, ಅವರು "ಕರ್ತನ ಭೋಜನ" ಅಂದರು. ಸಮಾಧಾನಯಜ್ಞದ ಬಗ್ಗೆ ಮೇಲೆ ಬರೆದದ್ದನ್ನು ಗೆಳತಿಯ ಜೊತೆ ಕೂತು ಓದಿ. ಅಲ್ಲಿ ಬಲಿ ಮತ್ತು ಊಟ ಒಂದೇ ಕಾರ್ಯದ ಎರಡು ಭಾಗ.

ಪ್ರಶ್ನೆ (ಬೆಂಗಳೂರು, ವಿದ್ಯಾರ್ಥಿ):

ಈಗ ದೇವಾಲಯವೇ ಇಲ್ಲ. ಹಾಗಾದರೆ ಯೆಹೂದ್ಯರಿಗೆ ಕ್ಷಮೆಯೇ ಇಲ್ಲ ಅಂತ ನಮ್ಮ ಸ್ಟಡಿ ಗ್ರೂಪಿನಲ್ಲಿ ಒಬ್ಬರು ಹೇಳಿದರು.

ಉತ್ತರ:

ಆ ಮಾತು ನನಗೆ ನೋವು ಕೊಡುತ್ತದೆ. ದಯವಿಟ್ಟು ಅದನ್ನು ಮುಂದೆ ಹರಡಬೇಡಿ.

ಕ್ರಿ.ಶ. 70ರಲ್ಲಿ ತೀತನ ರೋಮನ್ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ಸುಟ್ಟುಹಾಕಿತು. ದಿನವೂ ಬೆಳಿಗ್ಗೆ ಒಂದು, ಸಂಜೆ ಒಂದು ಕುರಿಮರಿ ಅರ್ಪಿಸುತ್ತಿದ್ದದ್ದು ನಿಂತುಹೋಯಿತು. ಅವರ ಪರಂಪರೆ ಹೇಳುವ ಒಂದು ಪ್ರಸಂಗ ಇದೆ. ಯೆಹೂದಿ ಗುರು ರಬ್ಬಾನ್ ಯೋಹಾನಾನ್ ಬೆನ್ ಜಕ್ಕೈ ಯೆರೂಸಲೇಮಿನಿಂದ ಹೊರಟಿದ್ದಾಗ ಹಿಂದೆ ಬರುತ್ತಿದ್ದ ಶಿಷ್ಯ ಯೆಹೋಶುವ ಹಾಳುಬಿದ್ದ ದೇವಾಲಯ ನೋಡಿ, ನಮ್ಮ ಪಾಪಗಳಿಗೆ ಪರಿಹಾರ ಸಿಗುತ್ತಿದ್ದ ಜಾಗವೇ ಹೋಯಿತಲ್ಲ ಅಂತ ಅತ್ತನಂತೆ. ಗುರು ಹೇಳಿದರು: ಮಗನೇ, ದುಃಖಪಡಬೇಡ, ಅಷ್ಟೇ ಬಲವಾದ ಇನ್ನೊಂದು ಪರಿಹಾರ ನಮಗಿದೆ, ಅದು ಕರುಣೆಯ ಕೆಲಸ. ಅದಕ್ಕೆ ಆಧಾರವಾಗಿ ಹೋಶೇಯ 6:6ನ್ನು ಕೊಟ್ಟರು, ಯಜ್ಞಕ್ಕಿಂತ ಕರುಣೆಯೇ ನನಗೆ ಇಷ್ಟ ಎಂಬ ವಚನ. ಮತ್ತಾಯ 9:13ರಲ್ಲಿ ಯೇಸು ಎತ್ತಿ ಹೇಳಿದ್ದೂ ಇದೇ ವಚನ. ದೇವಾಲಯ ನಿಂತಿದ್ದಾಗಲೇ ಆಮೋಸ, ಮೀಕ, ಯೆಶಾಯ ಇದನ್ನು ಕೂಗಿ ಹೇಳಿದ್ದರು.

ಇವತ್ತು ಯೆಹೂದ್ಯರು ಪ್ರಾರ್ಥನೆ, ಪಶ್ಚಾತ್ತಾಪ, ದಾನ, ಯೋಮ್ ಕಿಪ್ಪೂರಿನ ಉಪವಾಸ ಇವುಗಳಿಂದ ದೇವರ ಹತ್ತಿರ ಬರುತ್ತಾರೆ. ಆ ದಿನ ಸಭಾಮಂದಿರದಲ್ಲಿ ಮಹಾಯಾಜಕನ ಹಳೆಯ ಸೇವೆಯನ್ನು ಹಂತಹಂತವಾಗಿ ಓದುತ್ತಾರೆ. ಯೆಶಾಯ 53ರ ಸೇವಕ ಅಂದರೆ ಇಸ್ರಾಯೇಲ್ ಜನಾಂಗ ಅಂತ ಅವರಲ್ಲಿ ಬಹುಮಂದಿ ಓದುತ್ತಾರೆ, ಯೆಶಾಯ 49:3 ಸೇವಕನನ್ನು ಇಸ್ರಾಯೇಲ್ ಅಂತಲೇ ಕರೆಯುತ್ತದೆ. ನಾನು ಅಲ್ಲಿ ಯೇಸುವನ್ನು ಕಾಣುತ್ತೇನೆ. ಆದರೆ ಅವರ ಓದು ಸುಮ್ನೆ ಹುಟ್ಟಿದ್ದಲ್ಲ. ಅಂದ ಹಾಗೆ ಸಮಾರ್ಯದವರ ಸಣ್ಣ ಸಮುದಾಯ ಇನ್ನೂ ಇದೆ, ಅವರು ಗೆರಿಜ್ಜೀಮ್ ಬೆಟ್ಟದ ಮೇಲೆ ಪ್ರತಿ ವರ್ಷ ಪಸ್ಕದ ಕುರಿಗಳನ್ನು ಇವತ್ತಿಗೂ ಕೊಯ್ಯುತ್ತಾರೆ.

ಪ್ರಶ್ನೆ (ಹೆಸರು ಊರು ಬೇಡ ಎಂದವರು):

ಮೇಡಂ, ನೀವು ತಿಳಿಯದೆ ಮಾಡಿದ ತಪ್ಪಿಗೆ ಯಜ್ಞ ಅಂದಿರಿ. ನಾನು ತಿಳಿದೇ ಮಾಡಿದ್ದೇನೆ. ಅಪ್ಪನ ಜಮೀನು ಮಾರಿದಾಗ ಬಂದ ದುಡ್ಡಿನಲ್ಲಿ ಅಣ್ಣನಿಗೆ ನಾಲ್ಕು ಲಕ್ಷ ಕಡಿಮೆ ಲೆಕ್ಕ ತೋರಿಸಿದೆ. ಅವನಿಗೆ ಗೊತ್ತಿಲ್ಲ. ಆರು ವರ್ಷ ಆಯಿತು. ದೇವರ ಹತ್ತಿರ ಅತ್ತು ಕ್ಷಮೆ ಕೇಳಿದ್ದೇನೆ. ಯೇಸುವಿನ ರಕ್ತ ಎಲ್ಲಾ ಪಾಪ ತೊಳೆಯುತ್ತದೆ ಅಂತ ನಂಬಿದ್ದೇನೆ. ಆದರೂ ಮನಸ್ಸಿಗೆ ಸಮಾಧಾನ ಇಲ್ಲ.

ಉತ್ತರ:

ತಮ್ಮಾ, ಇದನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕು.

ತಿಳಿದು ಮಾಡಿದ ಪಾಪಕ್ಕೆ ಯಜ್ಞವೇ ಇಲ್ಲ ಅಂತ ಅರಣ್ಯಕಾಂಡ 15:30 ಓದಿದರೆ ಅನಿಸುತ್ತದೆ. ಆದರೆ ಯಾಜಕಕಾಂಡದ 6ನೇ ಅಧ್ಯಾಯದ ಆರಂಭದಲ್ಲಿ ನಿಮ್ಮದೇ ಪ್ರಕರಣ ಇದೆ: ನಂಬಿದವನಿಗೆ ಮೋಸ ಮಾಡಿದವನು, ಸುಳ್ಳು ಆಣೆ ಇಟ್ಟವನು. ಅವನಿಗೆ ಪ್ರಾಯಶ್ಚಿತ್ತಯಜ್ಞ ಇದೆ. ಆದರೆ ವಿಧಿಯ ಕ್ರಮ ನೋಡಿ. ಟಗರು ತರುವುದು ಆಮೇಲೆ. ಮೊದಲು ಕಿತ್ತುಕೊಂಡದ್ದನ್ನು ಪೂರ್ತಿ ತಿರುಗಿ ಕೊಡಬೇಕು, ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು, ಅದನ್ನು ಕಳೆದುಕೊಂಡವನ ಕೈಗೇ ಕೊಡಬೇಕು. ಅರಣ್ಯಕಾಂಡ 5:7 ಬಾಯಿಬಿಟ್ಟು ಒಪ್ಪಿಕೊಳ್ಳುವುದನ್ನೂ ಸೇರಿಸುತ್ತದೆ.

ಯೇಸು ಇದನ್ನು ರದ್ದು ಮಾಡಲಿಲ್ಲ. ಯಜ್ಞವೇದಿಯ ಹತ್ತಿರ ಕಾಣಿಕೆ ಹಿಡಿದು ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಡು, ಮೊದಲು ಅವನ ಹತ್ತಿರ ಹೋಗು ಅಂದರು. ಮತ್ತಾಯ 5:23, 24. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದಾಗ ಯೇಸು ಬೇಡ ಅನ್ನಲಿಲ್ಲ. ಮಿಷ್ನಾ ಕೂಡ ಇದೇ ಹೇಳುತ್ತದೆ: ಮನುಷ್ಯನಿಗೆ ಮಾಡಿದ ತಪ್ಪನ್ನು ಯೋಮ್ ಕಿಪ್ಪೂರ್ ಕಳೆಯುವುದಿಲ್ಲ, ಅವನನ್ನು ಸಮಾಧಾನ ಮಾಡುವ ತನಕ.

ದೇವರು ಕ್ಷಮಿಸಲಿಲ್ಲ ಅಂತ ನಾನು ಹೇಳುತ್ತಿಲ್ಲ. ನಿಮಗೆ ಸಮಾಧಾನ ಇಲ್ಲದಿರುವುದು ನಂಬಿಕೆ ಕಡಿಮೆಯಾಗಿ ಅಲ್ಲ. ಅಣ್ಣನ ದುಡ್ಡು ಇನ್ನೂ ನಿಮ್ಮ ಹತ್ತಿರ ಇದೆ, ಅದಕ್ಕೆ. ನಾಲ್ಕು ಲಕ್ಷ, ಅದರ ಐದನೆಯ ಪಾಲು 80,000. ಒಟ್ಟು 4,80,000 ರೂಪಾಯಿ. ಒಂದೇ ಸಲ ಆಗದಿದ್ದರೆ ಎಷ್ಟು ಕಂತಿನಲ್ಲಿ ಕೊಡುತ್ತೀರಿ ಅಂತ ಕಾಗದದ ಮೇಲೆ ಬರೆದುಕೊಂಡು ಹೋಗಿ, ಮೊದಲ ಕಂತು ಕೈಯಲ್ಲೇ ಇರಲಿ.

ಅದೇ ಸದಸ್ಯರು:

ಅಣ್ಣ ಬೈದರೆ? ಮನೆಗೇ ಸೇರಿಸದಿದ್ದರೆ?

ಉತ್ತರ:

ಬೈಯಬಹುದು. ಬೈಯುವ ಹಕ್ಕು ಅವರಿಗಿದೆ, ಕೇಳಿಸಿಕೊಳ್ಳಿ. ತಕ್ಷಣ ಕ್ಷಮಿಸು ಅಂತ ಒತ್ತಾಯ ಮಾಡಬೇಡಿ, ಬೈಬಲ್ ವಚನ ಹೇಳಬೇಡಿ. ಹೋಗುವ ಮುಂಚೆ ಫೋನ್ ಮಾಡಿ, ಅತ್ತಿಗೆಯವರೂ ಮನೆಯಲ್ಲಿ ಇರುವ ಹೊತ್ತು ನೋಡಿ. ಯಾರಾದರೂ ಜೊತೆಗೆ ಬೇಕು ಅನಿಸಿದರೆ ನನಗೆ ಬೇರೆಯಾಗಿ ಮೆಸೇಜ್ ಹಾಕಿ, ನಿಮ್ಮ ಊರಿಗೆ ಹತ್ತಿರ ಇರುವ ಒಬ್ಬ ಹಿರಿಯ ಸಭಾಪಾಲಕರನ್ನು ಕೇಳುತ್ತೇನೆ.